ಇಂಗ್ಲೆಂಡಿನ ಹಳ್ಳಿ ಮೇಳದಲ್ಲಿ ನಾಯಿಗಳ ಅಜಿಲಿಟಿ ರಿಂಗ್: ಏನೇನು ಬೇಕು, ಎಲ್ಲಿ ಎಡವಟ್ಟಾಗುತ್ತದೆ?

ಹೊಳೆಸಾಲು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಶ್ರಾಪ್‌ಶೈರ್ ಕಡೆಯ ಹಳ್ಳಿಯೊಂದರ ಕಂಟ್ರಿ ಫೇರ್ ಬಗ್ಗೆ ಕೇಳುತ್ತಿದ್ದೇನೆ. ಆಗಸ್ಟ್ ಕೊನೆಯ ಶನಿವಾರ ನಡೆಯುತ್ತದೆ. ಕುರಿ, ದನಗಳ ಪ್ರದರ್ಶನ, ಕುದುರೆ ಜಿಗಿತ, ಹಳೆಯ ಉಗಿ ಎಂಜಿನ್ನುಗಳು, ಗಿಡುಗ ಹಾರಿಸುವುದು ಎಲ್ಲ ಒಂದೇ ಬಯಲಿನಲ್ಲಿ. ಈ ಸಲ ನಾಯಿಗಳ ಅಜಿಲಿಟಿಯನ್ನೂ (ಯಜಮಾನರ ಸನ್ನೆಯಂತೆ ನಾಯಿ ಒಂದೊಂದೇ ತಡೆ ದಾಟುತ್ತ ಓಡುವ ಆಟ) ಸೇರಿಸಬೇಕೆಂದು ಮೇಳದ ಸಮಿತಿ ಹೇಳಿದೆ. 40 ಮೀಟರ್ ಉದ್ದ, 40 ಮೀಟರ್ ಅಗಲದ ಜಾಗ ಕೊಡುತ್ತಾರೆ. ಹುಲ್ಲು ನೆಲ, ಒಂದು ಕಡೆಗೆ ಸ್ವಲ್ಪ ಇಳಿಜಾರು.

ಬೆಳಿಗ್ಗೆ ಯಾರು ಬೇಕಾದರೂ ತಮ್ಮ ನಾಯಿಯನ್ನು ಕರೆತಂದು 2 ಪೌಂಡ್ ಕೊಟ್ಟು ಓಡಿಸಬಹುದು. ಮಧ್ಯಾಹ್ನದ ಮೇಲೆ ತರಬೇತಿ ಪಡೆದ ನಾಯಿಗಳಿಗೆ ಸಣ್ಣ ಸ್ಪರ್ಧೆ, ಸುಮಾರು 30 ನಾಯಿ. ಹತ್ತಿರದ ತರಬೇತಿ ಕ್ಲಬ್ಬೊಂದು ಎ-ಫ್ರೇಮ್ (ಹತ್ತಿ ಇಳಿಯುವ, ಡೇರೆಯಂತೆ ಆನಿಸಿದ ಎರಡು ಹಲಗೆ), ಡಾಗ್ ವಾಕ್ (ಎತ್ತರದ ಕಿರಿದಾದ ಹಲಗೆ ಸೇತುವೆ), ಸೀಸಾ (ಏರಿಳಿಯುವ ಹಲಗೆ), ಎರಡು ಟನಲ್ (ನುಸುಳಿ ಓಡುವ ಕೊಳವೆ) ಎರವಲು ಕೊಡಲು ಒಪ್ಪಿದೆ. ಹರ್ಡಲ್‌ಗಳನ್ನು (ಹಾರಿ ದಾಟುವ ಅಡ್ಡಕೋಲು) ನಾವೇ ಮಾಡಿಕೊಳ್ಳಬೇಕು.

ರಿಂಗ್ ಹೇಗೆ ಹಾಕಬೇಕು, ಎಷ್ಟು ಜನ ಬೇಕು, ಕಾನೂನಿನ ಪ್ರಕಾರ ಏನು ನೋಡಿಕೊಳ್ಳಬೇಕು, ಇಂಥ ಕಡೆ ಸಾಮಾನ್ಯವಾಗಿ ತಪ್ಪಾಗುವುದು ಎಲ್ಲಿ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಕಲ್ಲುಸಂಕ

ಹೊಳೆಸಾಲು ಅವರೇ, ನಿಮ್ಮ ಕೈಯಲ್ಲಿರುವುದು ಒಂದು ಕಾರ್ಯಕ್ರಮವಲ್ಲ, ಎರಡು. ಬೆಳಿಗ್ಗೆ ಬರುವ ನಾಯಿ ಹರ್ಡಲನ್ನೇ ಕಂಡಿರುವುದಿಲ್ಲ, ಮಧ್ಯಾಹ್ನ ಬರುವ ನಾಯಿ ವರ್ಷಗಟ್ಟಲೆ ಕಲಿತಿರುತ್ತದೆ. ಎರಡಕ್ಕೂ ಅದೇ ಸಾಮಾನು, ಅದೇ ಎತ್ತರ ಇಟ್ಟಾಗಲೇ ನಾಯಿಗೆ ಪೆಟ್ಟಾಗುವುದು. ಆದ್ದರಿಂದ ಬೆಳಗಿನ ಓಟಕ್ಕೆ ಸೀಸಾ ಬೇಡವೇ ಬೇಡ. ಹಲಗೆ ಕೆಳಕ್ಕೆ ಬಡಿಯುವ ಸದ್ದಿಗೇ ಹೊಸ ನಾಯಿ ನಡುವೆ ಹಾರಿಬಿಡುತ್ತದೆ. ಹಾಗೆ ಒಮ್ಮೆ ಹೆದರಿದ ನಾಯಿಗೆ ಮುಂದೆ ಸೀಸಾ ಕಲಿಸುವುದು ಬಹಳ ಕಷ್ಟ. ಡಾಗ್ ವಾಕ್ ಕೂಡ ಬೇಡ. ಅದರ ಹಲಗೆ ನೆಲದಿಂದ 1.2 ಮೀಟರಿಗೂ ಮೇಲಿರುತ್ತದೆ, ಅಗಲ ಒಂದು ಅಡಿ ಮೀರುವುದಿಲ್ಲ. ಅಷ್ಟು ಎತ್ತರದಿಂದ ಪಕ್ಕಕ್ಕೆ ಬಿದ್ದರೆ ಕಾಲು ಮುರಿಯುತ್ತದೆ.

ಎ-ಫ್ರೇಮನ್ನು ತಗ್ಗಿಸಿದರೆ ಬಳಸಬಹುದು. ಸ್ಪರ್ಧೆಯಲ್ಲಿ ಅದರ ತುದಿ 1.7 ಮೀಟರ್ ಇರುತ್ತದೆ. ಬೆಳಿಗ್ಗೆ 1.2 ಮೀಟರಿಗೆ ಇಳಿಸಿ, ಅಂದರೆ ಎರಡು ಕಾಲುಗಳನ್ನು ಅಗಲಿಸಿ ಸರಪಳಿಯನ್ನು ಉದ್ದಕ್ಕೆ ಬಿಡಿ. ಎರಡೂ ಬದಿಯ ಸರಪಳಿಯಲ್ಲಿ ಕೊಂಡಿಗಳನ್ನು ಎಣಿಸಿ ಒಂದೇ ಲೆಕ್ಕಕ್ಕೆ ಸಿಕ್ಕಿಸಿ. ಒಂದು ಬದಿ ಒಂದೇ ಕೊಂಡಿ ಹೆಚ್ಚಾದರೂ ಫ್ರೇಮ್ ತಿರುಚಿಕೊಂಡು ಭಾರದ ನಾಯಿ ಹತ್ತಿದಾಗ ಅಲ್ಲಾಡುತ್ತದೆ. ಇಳಿಜಾರಿನ ಮೇಲೆ ಇಡಲೇಬೇಡಿ. ನಿಮ್ಮ ಬಯಲಿನಲ್ಲಿ ಸಮತಟ್ಟಾದ ಭಾಗ ಎಲ್ಲಿದೆಯೋ ಅಲ್ಲಿ ಎ-ಫ್ರೇಮ್ ಮೊದಲು ಇಟ್ಟು, ಮಿಕ್ಕಿದ್ದನ್ನೆಲ್ಲ ಅದಕ್ಕೆ ಹೊಂದಿಸಿ.

ಹರ್ಡಲ್ ಮಾಡುವುದು ಸುಲಭ. ಅಂಗಡಿಯಲ್ಲಿ 3 ಮೀಟರ್ ಉದ್ದಕ್ಕೆ ಸಿಗುವ ಬಿಳಿ ಪ್ಲಾಸ್ಟಿಕ್ ಕೊಳವೆ, 40 ಮಿಲಿಮೀಟರಿನದು, ಸಾಕು. ಒಂದರಲ್ಲಿ 1.22 ಮೀಟರಿನ ಎರಡು ಕೋಲು ಬರುತ್ತವೆ, ಅರ್ಧ ಮೀಟರಿಗಿಂತ ತುಸು ಹೆಚ್ಚು ಉಳಿಯುತ್ತದೆ. 10 ಹರ್ಡಲಿಗೆ ಮೇಲೊಂದು ಕೆಳಗೊಂದು ಕೋಲು, ಒಡೆದರೆ ಬದಲಿಗೆ ನಾಲ್ಕು, ಒಟ್ಟು 24. ಹಾಗಾಗಿ 12 ಕೊಳವೆ. ಮರದ ಕೋಲು ಹಾಕಬೇಡಿ, ತಗುಲಿದರೆ ನಾಯಿಯ ಮುಂಗಾಲಿಗೆ ನೋವಾಗುತ್ತದೆ. ಕೋಲು ಕೂರುವ ಬಟ್ಟಲು ಆಳವಿರಬಾರದು, ಬರೀ ಆನಿಕೆ ಸಾಕು. ಮನೆಯಲ್ಲಿ ಮಾಡುವ ಹರ್ಡಲುಗಳಲ್ಲಿ ನಾನು ಹೆಚ್ಚಾಗಿ ಕಾಣುವ ತಪ್ಪು, ಎರಡು ಕಂಬಗಳ ನಡುವೆ ಕೋಲು ಬಿಗಿಯಾಗಿ ಕೂರುವುದು. ಬಿಸಿಲಿಗೆ ಪ್ಲಾಸ್ಟಿಕ್ ಹಿಗ್ಗಿ ಇನ್ನಷ್ಟು ಬಿಗಿಯುತ್ತದೆ. ಒಂದು ಬೆರಳಿನಷ್ಟು ಸಡಿಲ ಬಿಡಿ. ಬೆರಳ ತುದಿಯಿಂದ ಎರಡೂ ಕಡೆಯಿಂದ ತಳ್ಳಿ ನೋಡಿ, ಎರಡು ಕಡೆಗೂ ಉರುಳಬೇಕು.

ಕೋಲಿಗೆ ಕೆಂಪು ಟೇಪ್ ಸುತ್ತುವವರು ಬಹಳ. ನಮ್ಮ ಕಣ್ಣಿಗೆ ಹಸಿರು ಹುಲ್ಲಿನ ಮೇಲೆ ಕೆಂಪು ಎದ್ದು ಕಾಣುತ್ತದೆ, ನಾಯಿಗೆ ಕಾಣುವುದಿಲ್ಲ. ಅದಕ್ಕೆ ಕೆಂಪು, ಹಸಿರು ಹೆಚ್ಚುಕಡಿಮೆ ಒಂದೇ ಬಗೆ. ಚೆನ್ನಾಗಿ ಗುರುತಿಸುವುದು ನೀಲಿ ಮತ್ತು ಹಳದಿಯನ್ನು. ಬಿಳಿ ಕೋಲಿಗೆ ನೀಲಿ ಪಟ್ಟಿ ಸುತ್ತಿ.

ಟನಲ್ ಉರುಳದಂತೆ ಬಿಗಿಯುವುದರಲ್ಲಿ ಜಿಪುಣತನ ಬೇಡ. 5 ಮೀಟರಿನ ಟನಲಿಗೆ ಮೇಲಿಂದ ಎರಡೂ ಬದಿಗೆ ಜೋತುಬಿಡುವ ಮರಳು ಚೀಲ ಐದು ಜೊತೆ ಬೇಕು, ಒಂದೊಂದು ಬದಿಗೆ 15 ರಿಂದ 20 ಕಿಲೋ. ಎರಡು ಬಾಯಿಗೂ ಹತ್ತಿರ ಒಂದೊಂದು ಜೊತೆ ಇರಲೇಬೇಕು. ಪಟ್ಟಿಗಳು ಟನಲನ್ನು ಹಿಸುಕಿ ಒಳಗಿನ ಸುತ್ತಳತೆ ಕಡಿಮೆ ಮಾಡಬಾರದು. ಒಳಗೆ ಕೈ ಹಾಕಿ ನೋಡಿ. ತುದಿಯಲ್ಲಿ ಬಟ್ಟೆ ಜೋತುಬಿದ್ದ ಹಳೆಯ ಮಾದರಿಯ ಟನಲನ್ನು ಯಾರಾದರೂ ಕೊಡಲು ಬಂದರೆ ಬೇಡ ಎನ್ನಿ. ಬಟ್ಟೆಗೆ ಸಿಕ್ಕಿಕೊಂಡು ನಾಯಿಗಳು ಮುಗ್ಗರಿಸುತ್ತವೆ.

ಇನ್ನು ಹಾದಿ. ಭಾರದ ಸಾಮಾನನ್ನು ನಡುವೆ ಎತ್ತಿ ಸಾಗಿಸುವ ಕೆಲಸ ಬರದಂತೆ ಒಂದೇ ಸಲ ಹಾಕಿ. ಹೊರಸುತ್ತಿನಲ್ಲಿ ಎಂಟು ಹರ್ಡಲ್ ಮತ್ತು ಒಂದು ಟನಲ್ ಬರುವಂತೆ ದೊಡ್ಡ ಕುದುರೆ ಲಾಳದ ಆಕಾರ ಮಾಡಿ, ಅದು ಬೆಳಗಿನ ಓಟಕ್ಕೆ. ಡಾಗ್ ವಾಕ್, ವೀವ್ ಪೋಲ್ (ನಾಯಿ ನುಸುಳಿ ಸಾಗುವ ನೆಟ್ಟ ಕೋಲುಗಳ ಸಾಲು), ಎರಡನೇ ಟನಲ್, ಇನ್ನೆರಡು ಹರ್ಡಲ್ ಒಳಸುತ್ತಿನಲ್ಲಿರಲಿ. ಬೆಳಿಗ್ಗೆ ಅವುಗಳ ಬಾಯಿಗೆ ಅಡ್ಡಲಾಗಿ ಟೇಪ್ ಕಟ್ಟಿ. ಮಧ್ಯಾಹ್ನ ಟೇಪ್ ಬಿಚ್ಚಿ, ಎ-ಫ್ರೇಮ್ ಏರಿಸಿ, ಸಂಖ್ಯೆಯ ಫಲಕ ಬದಲಿಸಿದರೆ 16 ತಡೆಗಳ ಸ್ಪರ್ಧೆಯ ಹಾದಿ ಸಿದ್ಧ, ಒಂದು ಹರ್ಡಲನ್ನು ಎರಡು ಸಲ ಹಾರಿಸುವ ಲೆಕ್ಕದಲ್ಲಿ. ತಡೆಯಿಂದ ತಡೆಗೆ 5 ರಿಂದ 7 ಮೀಟರ್ ಬಿಡಿ. ಕಡಿಮೆಯಾದರೆ ದೊಡ್ಡ ನಾಯಿಗೆ ನೆಲಕ್ಕಿಳಿದು ಮತ್ತೆ ಎಗರಲು ಹೆಜ್ಜೆ ಸಿಗುವುದಿಲ್ಲ. ಟನಲಿನ ಹೊರಬಾಯಿ ಜನರ ಕಡೆಗೆ ನೋಡಕೂಡದು. ಕೊನೆಯ ಹರ್ಡಲ್ ದಾಟಿದ ಮೇಲೆ ನೇರಕ್ಕೆ 10 ಮೀಟರ್ ಖಾಲಿ ನೆಲ ಇರಬೇಕು, ಆ ಗೆರೆ ಹೊರಬಾಗಿಲಿಗೆ ಗುರಿ ಇಟ್ಟಂತೆ ಇರಬಾರದು. ಇಳಿಜಾರಿನ ಕೆಳಮುಖಕ್ಕೆ ಯಾವ ಹರ್ಡಲನ್ನೂ ಹಾಕಬೇಡಿ, ಇಳಿಯುವಾಗ ಭಾರವೆಲ್ಲ ಮುಂಗಾಲ ಮೇಲೆ ಬೀಳುತ್ತದೆ.

ಉತ್ತರದ ಗಾಳಿ

ಮೇಲಿನ ಉತ್ತರಕ್ಕೆ ನನ್ನದೂ ಸಹಮತ. ಜನ ಮತ್ತು ಕಾನೂನಿನ ಕಡೆಯದನ್ನು ನಾನು ಸೇರಿಸುತ್ತೇನೆ.

ರಿಂಗಿಗೆ ಒಂದೇ ಹಗ್ಗ ಕಟ್ಟಿದರೆ ಮಕ್ಕಳು ಅದರ ಮೇಲೆ ಒರಗುತ್ತಾರೆ, ನೋಡಲು ಬಂದವರ ನಾಯಿ ಕೆಳಗಿಂದ ತೂರುತ್ತದೆ. ಒಳಗೆ ಒಂದು ಮೀಟರ್ ಎತ್ತರದ ಪ್ಲಾಸ್ಟಿಕ್ ಬಲೆ, ಅದರಿಂದ 2 ಮೀಟರ್ ಆಚೆಗೆ ಜನ ನಿಲ್ಲಲು ಹಗ್ಗ ಕಟ್ಟಿ. ನಡುವಿನ ಓಣಿಯಲ್ಲಿ ಯಾರೂ ಇರಬಾರದು. ನಿಮ್ಮ 40 ಮೀಟರಿನಲ್ಲಿ ಹೀಗೆ ಎರಡು ಕಡೆಯೂ ಕಳೆದರೆ ಒಳಗೆ ಸುಮಾರು 35 ಉಳಿಯುತ್ತದೆ. ಬ್ರಿಟನ್ನಿನಲ್ಲಿ ಈ ಆಟದ ಅಧಿಕೃತ ನಿಯಮ ಮಾಡುವ ಕೆನಲ್ ಕ್ಲಬ್ಬಿನ ಸ್ಪರ್ಧೆಗಳಲ್ಲಿ 32 ಮೀಟರ್ ಚೌಕ ಕನಿಷ್ಠ, ಹಾಗಾಗಿ ಜಾಗ ಸಾಲುತ್ತದೆ. ಒಳಬಾಗಿಲು, ಹೊರಬಾಗಿಲು ಬೇರೆ ಬೇರೆ ಇರಲಿ, ನಡುವೆ 10 ಮೀಟರಾದರೂ ಅಂತರವಿರಲಿ. ಓಡಿ ಮುಗಿಸಿ ಉಬ್ಬಸದಲ್ಲಿ ಬರುವ ನಾಯಿಯೂ ಸರದಿಗೆ ಕಾದು ಕೆರಳಿದ ನಾಯಿಯೂ ಮುಖಾಮುಖಿಯಾಗುವ ಜಾಗದಲ್ಲೇ ಜಗಳ ಹತ್ತುವುದು. ಸರದಿಯಲ್ಲಿ ನಾಯಿಯಿಂದ ನಾಯಿಗೆ 3 ಮೀಟರ್ ಬಿಟ್ಟು ನೆಲದ ಮೇಲೆ ಸುಣ್ಣದಲ್ಲಿ ಗೆರೆ ಎಳೆಯಿರಿ. ಉದ್ದಕ್ಕೆ ಬಿಚ್ಚಿಕೊಳ್ಳುವ ಸುರುಳಿ ಲೀಶ್ ಸರದಿಯಲ್ಲಿ ಬೇಡ.

ಬೆಳಗಿನ ನಾಯಿಗಳನ್ನು ಲೀಶ್ ಬಿಚ್ಚಿ ಬಿಡಬೇಡಿ. ಕುರಿಯ ವಾಸನೆ ಬಯಲಿಗೆಲ್ಲ ಹರಡಿರುತ್ತದೆ, ಒಂದು ನಾಯಿ ಬಲೆ ಹಾರಿ ಕುರಿಗಳ ಕಡೆ ಓಡಿದರೆ ಅಲ್ಲಿಗೆ ನಿಮ್ಮ ಕಾರ್ಯಕ್ರಮ ಮುಗಿಯಿತು. ಲೀಶ್ 2 ಮೀಟರಿನದು, ತುದಿಯಲ್ಲಿ ಹಿಡಿಕೆಯ ಕುಣಿಕೆ ಇಲ್ಲದ್ದು ಒಳ್ಳೆಯದು. ಕುಣಿಕೆ ಹರ್ಡಲಿನ ಕಂಬಕ್ಕೆ ಸಿಕ್ಕಿಕೊಳ್ಳುತ್ತದೆ. ಟನಲಿಗೆ ಮಾತ್ರ ಲೀಶ್ ಬಿಡಬೇಕಾಗುತ್ತದೆ. ಅಲ್ಲಿ ಆಚೆ ಬಾಯಲ್ಲಿ ನಿಮ್ಮವರೊಬ್ಬರು ಮಂಡಿಯೂರಿ ಕುಳಿತು ಲೀಶ್ ಹಿಡಿದುಕೊಳ್ಳಲಿ.

ಕಾನೂನಿನ ವಿಷಯ:

ಇಂಗ್ಲೆಂಡಿನಲ್ಲಿ ಎಂಟು ವಾರ ದಾಟಿದ ಎಲ್ಲ ನಾಯಿಗೂ ಮೈಕ್ರೋಚಿಪ್ ಕಡ್ಡಾಯ, 2016ರ ಏಪ್ರಿಲಿನಿಂದ. ಸಾರ್ವಜನಿಕ ಜಾಗದಲ್ಲಿ ಕತ್ತುಪಟ್ಟಿಯ ಮೇಲೆ ಯಜಮಾನರ ಹೆಸರು, ವಿಳಾಸ ಇರಬೇಕು. ಆದರೆ ಜೋತಾಡುವ ಬಿಲ್ಲೆ ರಿಂಗಿನೊಳಗೆ ಅಪಾಯ, ಅದು ಎಲ್ಲಿ ಬೇಕಾದರೂ ಸಿಕ್ಕಿಕೊಳ್ಳುತ್ತದೆ. ಪಟ್ಟಿಯ ಮೇಲೇ ಹೊಲಿದ ಹೆಸರಿದ್ದರೆ ಎರಡೂ ತೊಂದರೆ ತಪ್ಪುತ್ತದೆ.

ಎಕ್ಸ್‌ಎಲ್ ಬುಲ್ಲಿ ತಳಿಯ ನಾಯಿ ಬಂದರೆ ಏನು ಮಾಡುವುದೆಂದು ಬಾಗಿಲಲ್ಲಿರುವವರಿಗೆ ಮೊದಲೇ ತಿಳಿದಿರಬೇಕು. 2023ರ ಡಿಸೆಂಬರ್ 31ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅದಕ್ಕೆ ಸಾರ್ವಜನಿಕ ಜಾಗದಲ್ಲಿ ಬಾಯಿಕುಕ್ಕೆ ಮತ್ತು ಲೀಶ್ ಕಡ್ಡಾಯ. 2024ರ ಫೆಬ್ರುವರಿ 1ರಿಂದ ವಿನಾಯಿತಿ ಪತ್ರವಿಲ್ಲದೆ ಸಾಕುವುದೇ ಅಪರಾಧ. ಪತ್ರವಿದ್ದರೂ ಕುಕ್ಕೆ ಹಾಕಿಕೊಂಡು ಜಿಗಿಯಲು ಬಿಡುವುದು ಸರಿಯಲ್ಲ, ನಯವಾಗಿ ಇಲ್ಲವೆನ್ನಿ.

ಹೆಚ್ಚಿನವರು ಮರೆಯುವುದು ಬಾಲದ ಕಾನೂನು. ನಿಮ್ಮ ಮೇಳಕ್ಕೆ ಟಿಕೆಟ್ ಇದ್ದರೆ, 2007ರ ಏಪ್ರಿಲ್ 6ರಿಂದೀಚೆಗೆ ಬಾಲ ಕತ್ತರಿಸಿದ ನಾಯಿಯನ್ನು ಅಲ್ಲಿ ಪ್ರದರ್ಶಿಸುವುದು ಅಪರಾಧ. ಕೆಲಸದ ನಾಯಿಯೆಂದು ಪ್ರಮಾಣಪತ್ರವಿದ್ದು, ಕೆಲಸದ ಸಾಮರ್ಥ್ಯ ತೋರಿಸಲಷ್ಟೇ ಬಂದಿದ್ದರೆ ವಿನಾಯಿತಿ. ಸ್ಪ್ಯಾನಿಯಲ್‌ಗಳು ಇಂಥ ಮೇಳಕ್ಕೆ ಬಹಳ ಬರುತ್ತವೆ. ಅಜಿಲಿಟಿಯ ಜೊತೆಗೆ ‘ಅತಿ ಚೆಂದದ ನಾಯಿ’ ಥರದ ಸ್ಪರ್ಧೆಯನ್ನೂ ಇಡುವ ಯೋಚನೆ ಇದ್ದರೆ ಪ್ರವೇಶ ಪತ್ರದಲ್ಲೇ ಈ ಪ್ರಶ್ನೆ ಸೇರಿಸಿ.

ವಿಮೆ: ಸಮಿತಿಯ ಸಾರ್ವಜನಿಕ ಹೊಣೆಗಾರಿಕೆಯ ವಿಮೆಯಲ್ಲಿ ನಾಯಿಗಳ ಚಟುವಟಿಕೆ ಸೇರಿದೆಯೇ ಎಂದು ಬರಹದಲ್ಲಿ ಕೇಳಿ, ಬರಹದಲ್ಲೇ ಉತ್ತರ ಪಡೆಯಿರಿ. ‘ನನ್ನ ಸ್ವಂತ ಹೊಣೆಯಲ್ಲಿ ಭಾಗವಹಿಸುತ್ತೇನೆ’ ಎಂಬ ಸಹಿ ಪಡೆದರೆ ಸಾಕೆಂದು ತಿಳಿಯಬೇಡಿ. ನಿಮ್ಮ ಅಜಾಗ್ರತೆಯಿಂದ ಮನುಷ್ಯರಿಗೆ ಗಾಯವಾದರೆ ಆ ಹೊಣೆಯನ್ನು ಯಾವ ಫಲಕ, ಯಾವ ಸಹಿಯಿಂದಲೂ ಕಳಚಿಕೊಳ್ಳಲಾಗದು, 2015ರ ಗ್ರಾಹಕ ಹಕ್ಕುಗಳ ಕಾಯ್ದೆ ಹಾಗೇ ಹೇಳುತ್ತದೆ.

ಸ್ಪರ್ಧೆಯ ಫಲಿತಾಂಶ ಕೆನಲ್ ಕ್ಲಬ್ಬಿನ 1 ರಿಂದ 7ರ ಗ್ರೇಡುಗಳಿಗೆ ಸೇರುವುದಿಲ್ಲ ಎಂಬುದನ್ನು ಜಾಹೀರಾತಿನಲ್ಲೇ ಬರೆಯಿರಿ. ಪರವಾನಗಿ ಬೇಕೇ ಬೇಡವೇ ಎಂದು ಕ್ಲಬ್ಬಿಗೆ ಪತ್ರ ಬರೆದು ಈಗಲೇ ತಿಳಿದುಕೊಳ್ಳಿ. ಅಧಿಕೃತವಾಗಿ ಸ್ಪರ್ಧಿಸುವವರು ಬರುವ ಮೊದಲು ಅದನ್ನೇ ಕೇಳುತ್ತಾರೆ.

ಗೆಜ್ಜೆನಾಯಿ

ಎತ್ತರದ ಲೆಕ್ಕ ಯಾರೂ ಬರೆದಿಲ್ಲ. ನಾಯಿಯ ಹೆಗಲಿನ ಎತ್ತರ, ಅಂದರೆ ಕತ್ತು ಬೆನ್ನಿಗೆ ಸೇರುವ ಕಡೆಯಿಂದ ನೆಲಕ್ಕೆ ಅಳೆದದ್ದು, 35 ಸೆಂಟಿಮೀಟರಿನವರೆಗೆ ಸಣ್ಣ ವರ್ಗ. 43ರವರೆಗೆ ಮಧ್ಯಮ. 50ರವರೆಗೆ ಇಂಟರ್‌ಮೀಡಿಯೆಟ್. ಅದಕ್ಕೂ ಮೇಲೆ ದೊಡ್ಡದು. ಕೆನಲ್ ಕ್ಲಬ್ ಸ್ಪರ್ಧೆಯಲ್ಲಿ ಇವಕ್ಕೆ ಹರ್ಡಲ್ ಎತ್ತರ ಕ್ರಮವಾಗಿ 30, 40, 50, 60 ಸೆಂಟಿಮೀಟರ್. ಮೇಳದ ಸ್ಪರ್ಧೆಗೆ 10 ಸೆಂಟಿಮೀಟರ್ ಕಡಿಮೆ ಇಟ್ಟರೆ ಯಾರ ಮರ್ಯಾದೆಗೂ ಕುಂದಿಲ್ಲ. ಮೇಳದ ನೆಲ ಅಭ್ಯಾಸದ ನೆಲದಷ್ಟು ಮೆತ್ತಗಿರುವುದಿಲ್ಲ, ಆಗಸ್ಟಿನಲ್ಲಿ ಒಣಗಿ ಗಟ್ಟಿಯಾಗಿರುತ್ತದೆ. ಬೆಳಗಿನ ಓಟಕ್ಕೆ ಎಲ್ಲ ನಾಯಿಗೂ 20 ಸೆಂಟಿಮೀಟರ್ ಸಾಕು. ವರ್ಷ ತುಂಬದ ಮರಿಗೆ ಕೋಲನ್ನು ನೆಲದ ಮೇಲಿಡಿ. ಸ್ಪರ್ಧೆಗೆ 18 ತಿಂಗಳು ತುಂಬಿರಬೇಕು ಎಂಬ ಕೆನಲ್ ಕ್ಲಬ್ ನಿಯಮವನ್ನು ಹಾಗೇ ಇಟ್ಟುಕೊಳ್ಳಿ, ಮೂಳೆ ಬಲಿಯುವ ಮುನ್ನ ಜಿಗಿಸಿದರೆ ಕೀಲು ಹಾಳಾಗುತ್ತದೆ. ಬೆದೆಗೆ ಬಂದ ಹೆಣ್ಣು ನಾಯಿಯನ್ನು ಕರೆತರಬಾರದೆಂದೂ ಬರೆಯಿರಿ.

ವೀವ್ ಪೋಲ್ ಬಗ್ಗೆ: ಕೋಲಿನಿಂದ ಕೋಲಿಗೆ 60 ಸೆಂಟಿಮೀಟರ್ ಇರುವ ಸಾಲಿನಲ್ಲಿ ಹಾವಿನಂತೆ ನುಸುಳುವುದನ್ನು ಕಲಿಯಲು ತಿಂಗಳುಗಳೇ ಬೇಕು. ಬೆಳಗಿನವರಿಗೆ ಅದನ್ನು ತೋರಿಸಲೇಬೇಕೆಂದಿದ್ದರೆ ಬೇರೆ ಆರು ಕೋಲನ್ನು ಮೂರು ಮೂರರ ಎರಡು ಸಾಲು ಮಾಡಿ ನಡುವೆ ಅರ್ಧ ಮೀಟರ್ ಓಣಿ ಬಿಡಿ. ಯಾವ ನಾಯಿಯಾದರೂ ನೇರ ಓಡಿಹೋಗುತ್ತದೆ, ಯಜಮಾನರಿಗೂ ಖುಷಿ.

ಅಂಕದ ನಿಯಮ ಸರಳವಾಗಿರಲಿ. ಕೋಲು ಬಿದ್ದರೆ 5 ತಪ್ಪಂಕ. ಎ-ಫ್ರೇಮ್, ಡಾಗ್ ವಾಕ್ ಇಳಿಯುವಾಗ ಕೆಳಗಿನ ಬಣ್ಣದ ಭಾಗ ಮುಟ್ಟದೆ ಹಾರಿದರೆ 5. ತಡೆಯ ಮುಂದೆ ನಿಂತರೆ, ಇಲ್ಲವೇ ಪಕ್ಕಕ್ಕೆ ಸರಿದರೆ ರಿಫ್ಯೂಸಲ್, ಅದಕ್ಕೂ 5. ಮೂರನೇ ರಿಫ್ಯೂಸಲಿಗೆ ಹೊರಗೆ. ತಪ್ಪು ತಡೆ ಹಾರಿದರೆ ಆಗಲೇ ಹೊರಗೆ. ಜಡ್ಜ್ ಬಿಚ್ಚಿದ ಕೈ ಎತ್ತಿದರೆ ತಪ್ಪು, ಮುಷ್ಟಿ ಎತ್ತಿದರೆ ರಿಫ್ಯೂಸಲ್, ಎರಡು ಕೈ ಅಡ್ಡ ಹಿಡಿದರೆ ಹೊರಗೆ. ಬರೆದುಕೊಳ್ಳುವವರು ಜಡ್ಜಿನ ಕೈಯನ್ನು ಮಾತ್ರ ನೋಡಬೇಕು, ನಾಯಿಯನ್ನಲ್ಲ. ನಾಯಿ ನೋಡುತ್ತ ಕುಳಿತರೆ ಅಂಕ ತಪ್ಪುತ್ತದೆ. ಹೊರಗಾದ ನಾಯಿಯನ್ನು ಅಲ್ಲೇ ನಿಲ್ಲಿಸಿ ಕಳಿಸಬೇಡಿ, ಇನ್ನೆರಡು ಹರ್ಡಲ್ ಹಾರಿಸಿ ಸಂತೋಷದಲ್ಲಿ ಹೊರಬರಲಿ.

ಸಮಯ: ಹಾದಿಯನ್ನು ಅಳತೆಯ ಚಕ್ರದಿಂದ ನಾಯಿ ಓಡುವ ಗೆರೆಯಲ್ಲೇ ಅಳೆಯಿರಿ. 120 ಮೀಟರ್ ಬಂದರೆ ಸೆಕೆಂಡಿಗೆ 3 ಮೀಟರ್ ಲೆಕ್ಕದಲ್ಲಿ 40 ಸೆಕೆಂಡ್ ಗಡುವು, ಅದಕ್ಕಿಂತ ಹೆಚ್ಚಾದ ಪ್ರತಿ ಸೆಕೆಂಡಿಗೆ ಒಂದು ತಪ್ಪಂಕ. ಒಂದು ನಾಯಿ ಬಂದು ಹೋಗಲು ಒಟ್ಟು ಒಂದೂವರೆ ನಿಮಿಷ ಹಿಡಿಯಿರಿ. 30 ನಾಯಿಗೆ 45 ನಿಮಿಷ. ಓಡಿಸುವವರು ನಾಯಿಯಿಲ್ಲದೆ ಹಾದಿ ನಡೆದು ನೋಡಲು 10 ನಿಮಿಷ. ಸಣ್ಣ ನಾಯಿಗಳಿಂದ ಶುರುಮಾಡಿ ದೊಡ್ಡವಕ್ಕೆ ಹೋದರೆ ಕೋಲು ಏರಿಸುವುದು ಮೂರೇ ಸಲ, ಅದಕ್ಕೊಂದು 15 ನಿಮಿಷ. ಬೆಳಗಿನ ಓಟಕ್ಕೆ ಈ ವೇಗ ಬರುವುದಿಲ್ಲ, ಗಂಟೆಗೆ 20 ರಿಂದ 25 ನಾಯಿ ಆದರೆ ಹೆಚ್ಚು.

ಕೆಲಸಕ್ಕೆ ಎಂಟು ಜನ: ಜಡ್ಜ್, ಬರೆಯುವವರು, ಸಮಯ ಹಿಡಿಯುವವರು, ಸರದಿ ನೋಡುವವರು, ಕೋಲು ಎತ್ತಿಡಲು ಇಬ್ಬರು, ಬಿಚ್ಚಿದ ಲೀಶನ್ನು ಹೊರಬಾಗಿಲಿಗೆ ಒಯ್ಯುವವರು, ಮೈಕ್ ಹಿಡಿದು ಹೇಳುವವರು. ಕೊನೆಯವರನ್ನು ಬಿಟ್ಟುಬಿಡಬೇಡಿ. ಈ ಆಟ ಹುಟ್ಟಿದ್ದೇ ನೋಡುವವರಿಗಾಗಿ: 1978ರಲ್ಲಿ ಲಂಡನ್ನಿನ ಒಲಿಂಪಿಯಾದಲ್ಲಿ ನಡೆದ ಕ್ರಫ್ಟ್ಸ್ ಎಂಬ ದೊಡ್ಡ ನಾಯಿ ಪ್ರದರ್ಶನದ ನಡುವಿನ ಬಿಡುವಿನಲ್ಲಿ ಜನರನ್ನು ರಂಜಿಸಲು ಕುದುರೆ ಜಿಗಿತದ ಮಾದರಿಯಲ್ಲಿ ಮಾಡಿ ತೋರಿಸಿದರು, 1980ರಲ್ಲಿ ಕೆನಲ್ ಕ್ಲಬ್ ಮಾನ್ಯತೆ ಕೊಟ್ಟಿತು. ಜಡ್ಜ್ ಕೈ ಯಾಕೆ ಎತ್ತಿದರು ಎಂದು ಯಾರಾದರೂ ಹೇಳಿದರೆ ಹಗ್ಗದ ಆಚೆ ನಿಂತವರೂ ಆಟದೊಳಗೆ ಬರುತ್ತಾರೆ.

ಉತ್ತರದ ಗಾಳಿ

ನೆಲದ ಬಗ್ಗೆ ಬರೆಯಲು ಮರೆತೆ, ಅದೇ ಮುಖ್ಯ. ಹುಲ್ಲನ್ನು ಮೂರು ದಿನ ಮುಂಚೆ 4, 5 ಸೆಂಟಿಮೀಟರಿಗೆ ಕತ್ತರಿಸಿ, ಕತ್ತರಿಸಿದ್ದನ್ನು ಗುಡಿಸಿ ತೆಗೆಯಿರಿ. ಬಿಟ್ಟರೆ ಇಬ್ಬನಿಯಲ್ಲಿ ನೆನೆದು ಜಾರುತ್ತದೆ. ಹಿಂದಿನ ಸಂಜೆ ನಾಲ್ಕು ಜನ ಕೈಗೆ ಕೈ ತಾಗುವಷ್ಟು ದೂರದಲ್ಲಿ ಸಾಲಾಗಿ ನಡೆದು ನೋಡಿ: ಮೊಲದ ಬಿಲ, ಡೇರೆಯ ಗೂಟ, ಗಾಜಿನ ಚೂರು, ಕುರಿ ಹಿಕ್ಕೆ. ಬಿಲಕ್ಕೆ ಮಣ್ಣು ತುಂಬಿ ತುಳಿಯಿರಿ. ಅಂಚಿನಲ್ಲಿ ಬೆಳೆದ ಹುಲ್ಲಿನ ಒಣ ತೆನೆಗಳನ್ನು ಪೂರ್ತಿ ಕೀಳಿಸಿ. ಆಗಸ್ಟಿನಲ್ಲಿ ಆ ಮುಳ್ಳುಬೀಜ ಬೆರಳ ಸಂದಿಗೆ, ಕಿವಿಗೆ ಹೊಕ್ಕರೆ ವೈದ್ಯರೇ ತೆಗೆಯಬೇಕು.

ಕುದುರೆ ಓಡಿದ ನೆಲದಲ್ಲಿ ಅದೇ ದಿನ ನಾಯಿ ಓಡಿಸಬೇಡಿ. ಗೊರಸಿನ ಗುಂಡಿ ನಾಯಿಯ ಪಾದದ ಅಳತೆಗೆ ಸರಿಯಾಗಿರುತ್ತದೆ, ಓಟದ ಭರದಲ್ಲಿ ಪಾದ ಅದರೊಳಗೆ ಇಳಿದು ಹೊರಳಿಕೊಳ್ಳುತ್ತದೆ.

ಸೆಕೆ: ಬಿಸಿಲಿದ್ದರೆ 12 ರಿಂದ 3 ಗಂಟೆವರೆಗೆ ನಿಲ್ಲಿಸಿ. ಪಗ್, ಬುಲ್‌ಡಾಗ್, ಫ್ರೆಂಚ್ ಬುಲ್‌ಡಾಗ್ ಥರದ ಚಪ್ಪಟೆ ಮೂತಿಯವಕ್ಕೆ 20 ಡಿಗ್ರಿಯೇ ಹೆಚ್ಚು, ಅವು ನಡೆದುಕೊಂಡೇ ಸುತ್ತಲಿ. ಮಕ್ಕಳ ನೀರಿನ ತೊಟ್ಟಿಯೊಂದನ್ನು ಹೊರಬಾಗಿಲ ಹತ್ತಿರ ತುಂಬಿಡಿ, ಕೊಡಗಳಲ್ಲಿ 100 ಲೀಟರಾದರೂ ನೀರು ಬೇರೆ ಇರಲಿ. ನಾಯಿ ಸೆಕೆಗೆ ತತ್ತರಿಸಿದರೆ, ಅಂದರೆ ಉಬ್ಬಸ ನಿಲ್ಲದೆ, ಹೆಜ್ಜೆ ತಪ್ಪಿ, ಒಸಡು ಕಡುಕೆಂಪಾದರೆ, ಮೊದಲು ತಣಿಸಿ ಆಮೇಲೆ ವೈದ್ಯರ ಹತ್ತಿರ ಸಾಗಿಸಿ. ತಣ್ಣೀರನ್ನು ಮೈಮೇಲೆ ಸುರಿಯುತ್ತಲೇ ಇದ್ದು ಗಾಳಿ ಹಾಕಿ. ತಲೆಯ ಮೇಲೆ ಸುರಿಯಬೇಡಿ. ಒದ್ದೆ ಟವೆಲ್ ಹೊದಿಸಿ ಬಿಟ್ಟರೆ ಶಾಖ ಒಳಗೇ ಉಳಿಯುತ್ತದೆ. ಆ ದಿನ ತೆರೆದಿರುವ ಪಶುವೈದ್ಯರ ದೂರವಾಣಿ ಸಂಖ್ಯೆ ಬರೆಯುವವರ ಮೇಜಿನ ಮೇಲೆ ಅಂಟಿಸಿರಬೇಕು.

ಎರೆಹೊಲ

ನಾನು ಬಾಗಲಕೋಟೆ ಕಡೆಯಾಂವ. ನಮ್ಮ ಕಡೆ ಜಾತ್ರೆಯೊಳಗೂ ಇಂಥದೊಂದು ರಿಂಗ್ ಹಾಕಬಹುದೇನ್ರಿ? ಮುಧೋಳ ನಾಯಿಗೆ ಓಟ ಗೊತ್ತು. ಈ ಹರ್ಡಲ್, ಟನಲ್ ಆಟಕ್ಕ ಅದು ಒಗ್ಗತದೇನು?

ಗೆಜ್ಜೆನಾಯಿ

ಒಗ್ಗುತ್ತದೆ, ಆದರೆ ಬಾರ್ಡರ್ ಕೋಲಿಯ ಹಾಗೆ ಅಲ್ಲ ಸರ್. ಕೋಲಿ ಮನುಷ್ಯರ ಕೈಸನ್ನೆ ನೋಡಿಕೊಂಡು ಕುರಿ ತಿರುಗಿಸಲು ಬೆಳೆಸಿದ ತಳಿ. ಮುಧೋಳ ಕಣ್ಣಿಗೆ ಬಿದ್ದ ಬೇಟೆಯನ್ನು ತಾನೇ ಅಟ್ಟಿ ಹಿಡಿಯುವ ತಳಿ. ದೂರದಲ್ಲಿ ಏನೋ ಚಲಿಸಿದರೆ ಅದರ ಗಮನ ಅಲ್ಲಿಗೇ. ಆದ್ದರಿಂದ ಬಲೆ ಒಂದು ಮೀಟರ್ ಸಾಲದು, ಎರಡು ಮೀಟರ್ ಬೇಕು, ಹೊರಗಿನದು ಕಾಣದಂತೆ ಹಸಿರು ನೆರಳುಬಟ್ಟೆ ಕಟ್ಟಿದರೆ ಇನ್ನೂ ಒಳ್ಳೆಯದು. ಎತ್ತರದಲ್ಲಿ ಅದು ದೊಡ್ಡ ವರ್ಗಕ್ಕೆ ಬರುತ್ತದೆ, ನೆಗೆತ ಉದ್ದ, ಹಾಗಾಗಿ ಹರ್ಡಲುಗಳ ನಡುವೆ 7 ಮೀಟರಿಗೆ ಕಡಿಮೆ ಬೇಡ, ತಿರುವುಗಳು ವಿಶಾಲವಾಗಿರಲಿ. ಉದ್ದ ಬೆನ್ನು, ತೆಳು ಚರ್ಮ, ಮೈಮೇಲೆ ಕೊಬ್ಬಿಲ್ಲ, ವೀವ್ ಪೋಲ್ ಅದಕ್ಕೆ ಹಿತವಲ್ಲ. ತಿಂಡಿ ತೋರಿಸಿ ಕಲಿಸುವುದಕ್ಕಿಂತ ಹಗ್ಗದ ತುದಿಗೆ ಬಟ್ಟೆ ಕಟ್ಟಿ ಎಳೆದು ಅಟ್ಟಿಸುತ್ತ ಕಲಿಸಿದರೆ ಬೇಗ ಹಿಡಿಯುತ್ತದೆ. ದಿನಕ್ಕೆ ಐದು ನಿಮಿಷ ಸಾಕು, ಅದೇ ಪಾಠ ಮೂರು ಸಲ ಹೇಳಿದರೆ ಬೇಸರ ಪಡುತ್ತದೆ.

ಇನ್ನು ನಿಮ್ಮ ನೆಲ. ಎರೆ ಭೂಮಿ ಬೇಸಿಗೆಯಲ್ಲಿ ಬಾಯಿ ಬಿಟ್ಟಿರುತ್ತದೆ, ಆ ಬಿರುಕಿನಲ್ಲಿ ನಾಯಿಯ ಕಾಲು ಹೋದರೆ ಮುರಿದಂತೆಯೇ. ಕೆಂಪು ಮಣ್ಣಿನ ಬಯಲು ಹುಡುಕಿ, ಇಲ್ಲವೇ ಶಾಲೆಯ ಮೈದಾನ ಕೇಳಿ. ನೀರು ಹೊಡೆದು ರೋಲರ್ ಹಾಯಿಸಿ ಮೇಲೆ ಎರಡು ಬೆರಳು ಮರಳು ಹರಡಿದರೆ ಸಾಕು. ಬೆಳಿಗ್ಗೆ 6 ರಿಂದ 8ರೊಳಗೆ ಮುಗಿಸಿ. ಪ್ರತಿ ನಾಯಿಗೂ ರೇಬಿಸ್ ಲಸಿಕೆಯ ಚೀಟಿ ನೋಡಿಯೇ ಒಳಗೆ ಬಿಡಿ. ಪಟಾಕಿ, ಧ್ವನಿವರ್ಧಕ ಇರುವ ದಿನ ಬೇಡ, ತೇರಿನ ಮರುದಿನ ಇಟ್ಟುಕೊಳ್ಳಿ.

ಹೊಳೆಸಾಲು

ಎಲ್ಲರಿಗೂ ಧನ್ಯವಾದ. ಕಲ್ಲುಸಂಕ ಅವರೇ, ಇನ್ನೊಂದೇ ಪ್ರಶ್ನೆ. ಸ್ಪರ್ಧೆಗೂ ಸೀಸಾ ಬೇಡವೇ? ಕ್ಲಬ್ಬಿನವರು ಕೊಡುತ್ತೇವೆನ್ನುತ್ತಿದ್ದಾರೆ. ಮತ್ತೆ ಮಳೆ ಬಂದರೆ?

ಕಲ್ಲುಸಂಕ

ಸೀಸಾ ಇಡಬಹುದು, ಆದರೆ ಪರೀಕ್ಷೆ ಮಾಡಿ ನೋಡಿ. ಎತ್ತಿದ ತುದಿಯ ಬಣ್ಣದ ಭಾಗದ ನಡುವೆ ಒಂದು ಕಿಲೋ ತೂಕದ ಅಕ್ಕಿ ಚೀಲ ಇಡಿ. 2 ರಿಂದ 3 ಸೆಕೆಂಡಿನಲ್ಲಿ ನೆಲ ಮುಟ್ಟಬೇಕು. ತಡವಾದರೆ ಸಣ್ಣ ನಾಯಿ ತುದಿಯಲ್ಲಿ ನಿಂತು ಕಾಯುತ್ತದೆ, ಆಮೇಲೆ ತಾಳ್ಮೆಗೆಟ್ಟು ಹಾರುತ್ತದೆ. ಬೇಗ ಬಿದ್ದರೆ ಹಲಗೆ ನೆಲಕ್ಕೆ ಬಡಿದು ಪುಟಿಯುತ್ತದೆ. ಬಯಲಲ್ಲಿ ಇಟ್ಟ ಮೇಲೆಯೇ ಪರೀಕ್ಷಿಸಿ, ಕ್ಲಬ್ಬಿನ ಅಂಗಳದಲ್ಲಿ ಸರಿಯಿದ್ದದ್ದು ನಿಮ್ಮ ಇಳಿಜಾರಿನಲ್ಲಿ ಬೇರೆ ಥರ ಬೀಳುತ್ತದೆ. ಸರಿಬರದಿದ್ದರೆ ತೆಗೆದಿಟ್ಟುಬಿಡಿ, ಅದಿಲ್ಲದೆಯೂ ನಿಮ್ಮ 16 ತಡೆ ಪೂರ್ತಿಯಾಗುತ್ತವೆ.

ಮಳೆ ಬಂದರೆ ಮೇಲ್ಮೈ ಏನಿದೆ ನೋಡಿ. ರಬ್ಬರ್ ಹರಳು ಅಂಟಿಸಿದ ಎ-ಫ್ರೇಮ್ ಮತ್ತು ಡಾಗ್ ವಾಕ್ ಒದ್ದೆಯಾದರೂ ಹಿಡಿತ ಕೊಡುತ್ತವೆ. ಬಣ್ಣಕ್ಕೆ ಮರಳು ಬೆರೆಸಿ ಹಚ್ಚಿದ ಹಳೆಯವು ಸವೆದಿದ್ದರೆ ಜಾರುತ್ತವೆ. ಅಂಗೈಯನ್ನು ಒದ್ದೆ ಮಾಡಿ ಒತ್ತಿ ಎಳೆಯಿರಿ, ಸಲೀಸಾಗಿ ಜಾರಿದರೆ ಹತ್ತುವ ಸಾಮಾನನ್ನೆಲ್ಲ ಬಿಟ್ಟು ಹರ್ಡಲ್, ಟನಲ್ ಮಾತ್ರದ ಓಟ ಮಾಡಿ. ಅದಕ್ಕೆ ಬೇಕಾದ ಸಂಖ್ಯೆಯ ಕ್ರಮವನ್ನು ಜಡ್ಜ್ ಇನ್ನೊಂದು ಕಾಗದದಲ್ಲಿ ಮೊದಲೇ ಬರೆದಿಟ್ಟುಕೊಂಡಿರಲಿ. ಗುಡುಗು ಕೇಳಿದರೆ ಎಲ್ಲರೂ ಬಯಲು ಬಿಟ್ಟು ಹೊರಡುವುದೇ, ಆ ದಿನ ಮತ್ತೆ ಶುರು ಮಾಡುವ ಮಾತು ಸಮಿತಿಯದು.

ಗಿಡುಗ ಹಾರಿಸುವ ಹೊತ್ತು ಕೇಳಿ ತಿಳಿದುಕೊಂಡಿರಾ? ಆ ಅರ್ಧ ಗಂಟೆ ರಿಂಗಿನಲ್ಲಿ ಲೀಶ್ ಬಿಚ್ಚಿದ ಸಣ್ಣ ನಾಯಿ ಇರಬಾರದು. ಆ ಹೊತ್ತಿಗೇ ನಿಮ್ಮ ಹಾದಿ ನಡೆದು ನೋಡುವ 10 ನಿಮಿಷವನ್ನೂ ಎ-ಫ್ರೇಮ್ ಏರಿಸುವ ಕೆಲಸವನ್ನೂ ಇಟ್ಟುಕೊಂಡರೆ ಹೊಂದುತ್ತದೆ.